ಹಿಂದೆ ಹೇಳುವವರು

ಬಯಲುಸೀಮೆಯ ಊರುಗಳನ್ನು ಕಂಡು ಬೆಳೆದ ಕಣ್ಣಿಗೆ ಮಲೆನಾಡಿನ ಊರು ಊರೆಂದು ತೋರುವುದೇ ಪ್ರಯಾಸದ ಮಾತು. ಬೆನ್ನಿಗೆ ಬೆನ್ನು ತಾಗಿಸಿ ನಿಂತ ಮನೆಗಳ ಕೇರಿಯಾಗಲಿ, ಊರ ನಡುವಣ ಚಾವಡಿಯಾಗಲಿ, ಹೊತ್ತು ಮುಳುಗಿದೊಡನೆ ಕರೆಯದೆಯೇ ಜನ ಬಂದು ಕೂಡುವ ಬಯಲಾಗಲಿ ಇಲ್ಲಿ ಕಾಣದು. ಕೊಪ್ಪ ತಾಲ್ಲೂಕಿನ ಮೇಗುಂದ ಹೋಬಳಿಯಲ್ಲಿ, ಜಯಪುರದಿಂದ ಕಳಸದ ಸೀಮೆಗೆ ಹೋಗುವ ಹಾದಿಯಲ್ಲಿ ದೊರೆಯುವ ಬಸರೀಕಟ್ಟೆಯನ್ನೇ ತೆಗೆದುಕೊಳ್ಳಬಹುದು: ಅಂಗಡಿಸಾಲು ಮುಗಿದೊಡನೆ ಕಾಫಿಯ ತೋಟ, ಅಡಕೆಯ ತೋಟ, ಅವುಗಳ ಮೇಲೆ ಕಾಡು, ಕಾಡಿನ ಮೇಲೆ ಗುಡ್ಡದ ಬೋಳು ನೆತ್ತಿ, ಮನೆಯೊಂದು ಈ ಕಣಿವೆಯ ತಲೆಯಲ್ಲಿದ್ದರೆ ಅದರ ನೆರೆಮನೆ ಆಚೆಯ ಕಣಿವೆಯ ಬುಡದಲ್ಲಿ, ಎರಡರ ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಸಂಕ, ಸಂಕವನ್ನು ದಾಟಿದರೆ ಬೇಲಿ, ಬೇಲಿಗೊಂದು ಉಣುಗೋಲು. ಒಂದು ಕಡೆ ತುಂಗೆಯೂ ಮತ್ತೊಂದು ಕಡೆ ಭದ್ರೆಯೂ ಹರಿಯುವ ಈ ಸೀಮೆ, 1947ರವರೆಗೆ ಕಡೂರು ಜಿಲ್ಲೆಯೆಂದೂ ಅನಂತರ ಚಿಕ್ಕಮಗಳೂರು ಜಿಲ್ಲೆಯೆಂದೂ ಹೆಸರು ಪಡೆದು ದಾಖಲೆಗಳಲ್ಲಿ ಒಂದಾಗಿ ನಿಂತಿದೆಯಾದರೂ, ಇಲ್ಲಿನ ಮನೆಗಳನ್ನು ಒಂದುಗೂಡಿಸಿದ್ದು ದಾಖಲೆಯೂ ಅಲ್ಲ, ರಸ್ತೆಯೂ ಅಲ್ಲ.

ಇಂತಹ ನೆಲದಲ್ಲಿ ಹಾಡಿಗೆ ರಂಗಸ್ಥಳವೆಲ್ಲಿ? ಕೇಳುಗರನ್ನು ಒಂದೆಡೆ ಕೂಡಿಸಲಾಗದ ಊರಿನಲ್ಲಿ ಹಾಡುವವನು ಮಾಡಬೇಕಾದುದು ಒಂದೇ: ತಾನೇ ಎದ್ದು ನಡೆಯಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಆಚೆಗೆ ತೀರ್ಥಹಳ್ಳಿ, ಹೊಸನಗರ, ಸಾಗರಗಳವರೆಗೆ ಹಬ್ಬಿರುವ ಅಂಟಿಗೆ-ಪಂಟಿಗೆಯೆಂಬ ದೀಪಾವಳಿಯ ಪದ್ಧತಿಯನ್ನು ಜಾನಪದ ವಿದ್ವಾಂಸರು ಬಹುಮಟ್ಟಿಗೆ ಬಲೀಂದ್ರನ ಆರಾಧನೆಯ ಅಂಗವೆಂದು ವಿವರಿಸಿದ್ದಾರೆ. ಆ ವಿವರಣೆ ಸಾಧುವೇ. ಆದರೆ ಅದರ ಇನ್ನೊಂದು ಮುಖ ನನಗೆ ಅದಕ್ಕಿಂತ ಹೆಚ್ಚು ಆಸಕ್ತಿಯದಾಗಿ ಕಂಡಿದೆ. ಹಾಡುಗಾರನೆಂಬ ಬಿರುದಿಲ್ಲದ, ಗುರುವಿನ ಮುಂದೆ ಕುಳಿತು ಕಲಿಯದ, ಕಂಠವೂ ಅಷ್ಟಕ್ಕಷ್ಟೇ ಆದ ಸಾಮಾನ್ಯ ಮನುಷ್ಯನೊಬ್ಬನು ಒಂದು ಹಾಡುವ ಸಮುದಾಯದೊಳಕ್ಕೆ ಹೇಗೆ ಪ್ರವೇಶಿಸುತ್ತಿದ್ದನು, ಪರರ ಮುಂದೆ ದನಿಯೆತ್ತುವ ಧೈರ್ಯವನ್ನು ಎಲ್ಲಿಂದ ಪಡೆಯುತ್ತಿದ್ದನು ಎಂಬ ಪ್ರಶ್ನೆಗೆ ಈ ಪದ್ಧತಿ ಕೊಡುವ ಉತ್ತರ ಅದು.

ಬಲಿಪಾಡ್ಯಮಿಯ ಇರುಳು ಊರಿನ ದೇವಸ್ಥಾನದಲ್ಲಿಯೋ ಹಿರಿಯರೊಬ್ಬರ ಮನೆಯಲ್ಲಿಯೋ ಪೂಜಿಸಿ ಹೊತ್ತಿಸಿದ ಜ್ಯೋತಿಯನ್ನು ಕೈಗೆತ್ತಿಕೊಂಡು ಒಂದು ಮೇಳ ಹೊರಡುತ್ತದೆ. ಆ ದೀಪ ಹಬ್ಬದ ಆಟ ಮುಗಿಯುವವರೆಗೆ, ಸಾಮಾನ್ಯವಾಗಿ ಮೂರು ಇರುಳು, ಆರಕೂಡದು. ಗಾಳಿಗೂ ಇಬ್ಬನಿಗೂ ಅಡ್ಡವಾಗಿ ಕಂಬಳಿಯನ್ನು ಹಿಡಿದು ಅದನ್ನು ಕಾಯುವುದೇ ಒಬ್ಬನ ಕೆಲಸ. ಎಣ್ಣೆಯ ಪಾತ್ರೆಯನ್ನು ಹೊರುವವನೊಬ್ಬ, ಮನೆಗಳವರು ಕೊಟ್ಟ ಅಕ್ಕಿ, ಕಾಯಿ, ಬೆಲ್ಲ, ಅಡಕೆಗಳನ್ನು ಚೀಲದಲ್ಲಿ ಹೊರುವವನೊಬ್ಬ, ದಾರಿ ಬಲ್ಲವನೊಬ್ಬ. ಇವರೆಲ್ಲರ ನಡುವೆ ಹಾಡುವವರು. ಮನೆಯ ಅಂಗಳಕ್ಕೆ ಬಂದ ಮೇಳ ಮೊದಲು ಮುಚ್ಚಿದ ಬಾಗಿಲಿನ ಮುಂದೆ ನಿಂತು ಬಾಗಿಲು ತೆರೆಸುವ ಪದವನ್ನು ಹೇಳಬೇಕು. ಒಳಗಿನವರು ಎಚ್ಚರವಾಗಿಯೇ ಇರುತ್ತಾರೆ. ನಾಯಿ ಉಣುಗೋಲಿನಿಂದಲೇ ಸುದ್ದಿ ಮುಟ್ಟಿಸಿರುತ್ತದೆ. ಆದರೂ ಪದ ಮುಗಿಯುವ ತನಕ ಬಾಗಿಲನ್ನು ತೆಗೆಯದಿರುವುದು ಮರ್ಯಾದೆ. ಬಾಗಿಲು ತೆರೆದ ಮೇಲೆ ಮನೆಯೊಡತಿ ತನ್ನ ಹಣತೆಯನ್ನು ತಂದು ಬಂದ ಜ್ಯೋತಿಯಿಂದ ಹೊತ್ತಿಸಿಕೊಂಡು, ಬಂದ ಜ್ಯೋತಿಗೆ ತನ್ನ ಮನೆಯ ಎಣ್ಣೆಯನ್ನು ಎರೆಯುತ್ತಾಳೆ. ಎಣ್ಣೆ ಎರೆಯುವುದಕ್ಕೂ ಒಂದು ಪದವುಂಟು. ಜಗುಲಿಯಲ್ಲಿ ಕುಳಿತ ಮೇಲೆ ಬಲೀಂದ್ರನ ಕಥೆ, ಮನೆಯವರು ಬಯಸಿದರೆ ಇನ್ನೂ ದೀರ್ಘವಾದ ಕಥನಗೀತ. ಹೊರಡುವಾಗ ಮನೆಗೂ ಕೊಟ್ಟಿಗೆಗೂ ಹರಸುವ ಪದ. ಕೊನೆಯ ದಿನ ಜ್ಯೋತಿಯನ್ನು ದೇವರ ಸನ್ನಿಧಿಯಲ್ಲಿ ಇಳಿಸಿ, ಕೂಡಿದ ಅಕ್ಕಿಕಾಯಿಗಳಿಂದ ಮೇಳದವರೆಲ್ಲ ಒಟ್ಟಾಗಿ ಉಣ್ಣುವುದರೊಂದಿಗೆ ಆ ವರ್ಷದ ವ್ರತ ಮುಗಿಯುತ್ತದೆ.

ಈ ಹಾಡುಗಳ ರಚನೆಯಲ್ಲೊಂದು ವಿಶೇಷವಿದೆ. ಇಬ್ಬರು ಒಂದು ಸೊಲ್ಲನ್ನು ಎತ್ತಿ ಹೇಳುತ್ತಾರೆ. ಉಳಿದವರು ಅದನ್ನೇ ಹಿಂದೆ ಹೇಳುತ್ತಾರೆ. ವಾದ್ಯದ ಆಡಂಬರ ಇಲ್ಲವೆನ್ನುವಷ್ಟು ಅಲ್ಪ. ಒಂದೊಂದು ಸೊಲ್ಲೂ ಎರಡೆರಡು ಸಲ ಕಿವಿಗೆ ಬೀಳುವುದರಿಂದ ಜಗುಲಿಯ ಮೂಲೆಯಲ್ಲಿ ಒರಗಿದ ಅಜ್ಜಿಗೂ ಕಥೆಯ ಎಳೆ ತಪ್ಪುವುದಿಲ್ಲ, ಮುಂದಿನವರಿಗೆ ಉಸಿರು ತೆಗೆದುಕೊಳ್ಳುವುದಕ್ಕೂ ಮರೆತುದನ್ನು ನೆನೆಯುವುದಕ್ಕೂ ಅವಕಾಶವಾಗುತ್ತದೆ ಎಂಬ ಪ್ರಯೋಜನಗಳು ಸ್ಪಷ್ಟವಾಗಿಯೇ ಇವೆ. ಆದರೆ ಇವುಗಳಿಗಿಂತ ಮಿಗಿಲಾದ ಪ್ರಯೋಜನವೊಂದು ಅದರಲ್ಲಿ ಅಡಗಿದೆ. ಹಿಂದೆ ಹೇಳುವವನಿಗೆ ಪದ ಬರಬೇಕೆಂಬ ನಿಯಮವಿಲ್ಲ. ಕೇಳಿದುದನ್ನು ಕೇಳಿದ ಹಾಗೆಯೇ ತಿರುಗಿ ಹೇಳಿದರೆ ಸಾಕು. ಹದಿನಾರರ ಹುಡುಗನೊಬ್ಬ ಮೊದಲ ವರ್ಷ ಚೀಲ ಹೊರಲು ಬರುತ್ತಾನೆ. ಚೀಲವನ್ನು ಹೊತ್ತುಕೊಂಡೇ ಹಿಂದಿನವರ ದನಿಯಲ್ಲಿ ತನ್ನ ದನಿಯನ್ನು ಅಡಗಿಸಿ ಅರೆಬರೆಯಾಗಿ ಹೇಳುತ್ತಾನೆ. ತಪ್ಪಿದರೂ ಅದು ಯಾರಿಗೂ ಕೇಳಿಸದು. ಒಂದೇ ಇರುಳಿನಲ್ಲಿ ಮನೆಮನೆಯಲ್ಲಿ ಅದೇ ಬಾಗಿಲಪದವನ್ನು ಹೇಳಬೇಕಾಗುವುದರಿಂದ ಬೆಳಗಾಗುವಷ್ಟರಲ್ಲಿ ಅದು ಅವನ ನಾಲಗೆಯ ಮೇಲಿರುತ್ತದೆ. ಕೆಲವು ವರ್ಷಗಳು ಕಳೆದ ಮೇಲೆ, ಮುಂದೆ ಹೇಳುವ ಹಿರಿಯನ ಗಂಟಲು ಮೂರನೆಯ ಇರುಳಿಗೆ ಕಟ್ಟಿದಾಗ, ಪದವನ್ನು ಎತ್ತಲು ಇನ್ನೊಬ್ಬನು ಬೇಕಾಗುತ್ತಾನೆ. ಆಗ ಯಾರನ್ನೂ ಹುಡುಕಬೇಕಾದ ಅಗತ್ಯ ಬೀಳುವುದಿಲ್ಲ. ಪಾಠವೂ ಪರೀಕ್ಷೆಯೂ ಪ್ರದರ್ಶನವೂ ಬೇರೆಬೇರೆಯಾಗದೆ ಒಂದೇ ನಡಿಗೆಯಲ್ಲಿ ಸೇರಿಹೋದ ಈ ವ್ಯವಸ್ಥೆಯನ್ನು ಯಾರೂ ಕುಳಿತು ಯೋಚಿಸಿ ರೂಪಿಸಲಿಲ್ಲವಾದರೂ, ಯೋಚಿಸಿ ರೂಪಿಸಿದ ಎಷ್ಟೋ ಸಂಗೀತಶಾಲೆಗಳಿಗಿಂತ ಇದು ಹೆಚ್ಚು ಜನರನ್ನು ಹಾಡುವವರನ್ನಾಗಿ ಮಾಡಿತೆಂದು ನಾನು ಭಾವಿಸುತ್ತೇನೆ.

ಎರಡು ಊರಿನ ಮೇಳಗಳು ಒಂದೇ ದಾರಿಯಲ್ಲಿ ಎದುರಾದರೆ ಪದಕ್ಕೆ ಪದವಾಗಿ ಸ್ಪರ್ಧೆ ನಡೆಯುವುದೂ ಉಂಟು. ಆದಕಾರಣ ಜಾಣರಾದ ಹಿರಿಯರು ಆಚೆಯ ದಿಣ್ಣೆಯಲ್ಲಿ ದೀಪವೊಂದು ಚಲಿಸುವುದನ್ನು ಕಂಡೊಡನೆ ತಮ್ಮ ಮೇಳವನ್ನು ತೋಟದ ಒಳದಾರಿಗೆ ತಿರುಗಿಸುತ್ತಿದ್ದರಂತೆ. ಸೋಲುವ ಭಯದಿಂದಲೋ, ಹೊತ್ತು ಹಾಳಾಗುತ್ತದೆಂದೋ, ಇನ್ನೂ ಹತ್ತು ಮನೆ ಬಾಕಿಯಿವೆಯೆಂಬ ವ್ಯವಹಾರಜ್ಞಾನದಿಂದಲೋ ಎಂಬುದು ಅವರವರ ಗುಟ್ಟು.

ಇಷ್ಟು ಸುದೀರ್ಘವಾದ ಬಾಳುವೆಯುಳ್ಳ ಪದ್ಧತಿಗೆ ಲಿಖಿತವಾದ ಚರಿತ್ರೆ ಏತಕ್ಕೆ ಇಷ್ಟು ಅಲ್ಪ? ಬಿ. ಎಲ್. ರೈಸ್ ಮಹಾಶಯನು ಕಡೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದನು. ದೇವಾಲಯದ ನಂದಾದೀಪಕ್ಕೆ ಎಣ್ಣೆಯನ್ನೋ ಭೂಮಿಯನ್ನೋ ಬಿಟ್ಟವರ ಹೆಸರುಗಳು ಕನ್ನಡನಾಡಿನ ಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತವೆ. ಕಲ್ಲಿನಲ್ಲಿ ಕೊರೆಯಿಸುವವನು ಸ್ಥಿರವಾದ ದೀಪಕ್ಕೆ ದತ್ತಿ ಬಿಟ್ಟನೇ ಹೊರತು, ಒಂದೊಂದು ಮನೆಯೂ ಒಂದೊಂದು ಸೌಟು ಎಣ್ಣೆಯೆರೆದು ನಡೆಸುತ್ತಿದ್ದ ಚರದೀಪಕ್ಕೆ ದತ್ತಿಯ ಅವಶ್ಯಕತೆಯೇ ಇರಲಿಲ್ಲ. ದಾನವಿಲ್ಲದಲ್ಲಿ ಶಾಸನವಿಲ್ಲ. ಮುಂದೆ ಜನಪದ ಗೀತಗಳ ಸಂಗ್ರಹ ಆರಂಭವಾದಾಗಲೂ ವಿದ್ವಾಂಸರ ದೃಷ್ಟಿ ಮೊದಲು ಬಿದ್ದದ್ದು ಬಯಲಿನ ಕಡೆಗೆ. ಜೆ. ಎಫ್. ಫ್ಲೀಟನು 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಲಾವಣಿಗಳು ಉತ್ತರ ಕರ್ನಾಟಕದವು, 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ವಿಜಾಪುರದ ನೆಲದ್ದು. ಮಲೆನಾಡಿನ ಪದಗಳು ಅನಂತರ ಸಂಗ್ರಹವಾದುವು. ಆದರೆ ಆ ಹೊತ್ತಿಗೆ ಸಂಗ್ರಹಕಾರರ ಕ್ರಮ ನಿಶ್ಚಿತವಾಗಿಬಿಟ್ಟಿತ್ತು. ಹಾಡುವವನನ್ನು ಕೂರಿಸಿಕೊಂಡು, ಪದವನ್ನು ಬಿಡಿಸಿ ಹೇಳಿಸಿ, ಬರೆದುಕೊಳ್ಳುವುದು. ಬರೆಯುವವನ ಅನುಕೂಲಕ್ಕಾಗಿ ಪುನರುಕ್ತಿಯನ್ನು ಬಿಡಲಾಯಿತು. ಹಾಗೆ ಬಿಟ್ಟುಹೋದದ್ದು ಹಿಂದೆ ಹೇಳುವವರ ಪಾಲು.

ಕುವೆಂಪು ಅವರು 1904ರ ಡಿಸೆಂಬರ್ 29ರಂದು ಜನಿಸಿದ್ದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರುಮನೆಯಲ್ಲಿ, ಎಂಬುದನ್ನು ಇಲ್ಲಿ ನೆನೆಯಬೇಕು. ಮಲೆನಾಡಿನ ಒಂಟಿಮನೆಗಳ ಬದುಕನ್ನು, ಅಲ್ಲಿಯ ಒಡೆಯರು, ಒಕ್ಕಲುಗಳು, ಆಳುಗಳು, ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತರುತ್ತಿದ್ದ ಸೇರೆಗಾರರು, ಇವರೆಲ್ಲರ ಪರಸ್ಪರ ಸಂಬಂಧವನ್ನು ಅರಿಯಬೇಕೆನ್ನುವ ಇತಿಹಾಸಕಾರನಿಗೆ 1936ರ ‘ಕಾನೂರು ಹೆಗ್ಗಡಿತಿ’, 1967ರ ‘ಮಲೆಗಳಲ್ಲಿ ಮದುಮಗಳು’ ಯಾವ ಗೆಜೆಟಿಯರಿಗೂ ಕಡಮೆಯಲ್ಲದ ಆಕರಗಳು.

ಆ ಸೇರೆಗಾರರ ಮಾತು ಬಂದುದರಿಂದ ಇನ್ನೊಂದು ಬಗೆಯ ಹಾಡುವ ಕೂಟವನ್ನೂ ಹೇಳಿಬಿಡಬೇಕು. ದೀಪಾವಳಿ ಕಳೆಯುವ ಹೊತ್ತಿಗೆ ಅಡಕೆಯ ಕೊಯ್ಲು ಆರಂಭವಾಗುತ್ತದೆ. ಹಗಲು ಕೊಯ್ದು ತಂದ ಗೊನೆಗಳನ್ನು ಇರುಳು ಸುಲಿಯಬೇಕು. ತಡವಾದರೆ ಅಡಕೆಯ ಬಣ್ಣ ಕೆಡುತ್ತದೆ, ಬೆಲೆ ಇಳಿಯುತ್ತದೆ. ಅಂಗಳದ ಚಪ್ಪರದಡಿಯಲ್ಲಿ ಮೆಟ್ಟುಗತ್ತಿಯ ಮೇಲೆ ಸಾಲಾಗಿ ಕುಳಿತ ಗಂಡಸರು ಹೆಂಗಸರು, ನೆರೆಮನೆಯಿಂದ ಮುಯ್ಯಿಗೆ ಬಂದವರು, ಕೂಲಿಗೆ ಬಂದವರು, ನಡುರಾತ್ರಿಯವರೆಗೂ ಸುಲಿಯುತ್ತಾರೆ. ಪಕ್ಕದಲ್ಲಿ ಒಲೆಯ ಮೇಲೆ ಹಂಡೆಯಲ್ಲಿ ಚೊಗರಿನೊಡನೆ ಅಡಕೆ ಬೇಯುತ್ತಿರುತ್ತದೆ. ಕೈ ತನ್ನಷ್ಟಕ್ಕೆ ನಡೆಯುವ ಈ ಕೆಲಸದಲ್ಲಿ ದೊಡ್ಡ ಶತ್ರುವೆಂದರೆ ನಿದ್ರೆ. ನಿದ್ರೆ ಬಂದರೆ ಬೆರಳಿಗೆ ಕತ್ತಿ ತಾಗುತ್ತದೆ. ಆದುದರಿಂದ ಯಾರಾದರೂ ಏನನ್ನಾದರೂ ಹೇಳುತ್ತಲೇ ಇರಬೇಕು: ಒಗಟು, ಕಥೆ, ಪದ, ಊರಿನ ವರ್ತಮಾನ. ಇಲ್ಲಿ ಸರದಿಯೇ ನಿಯಮ. ನಿನ್ನೆ ಅವಳು ಹೇಳಿದಳು, ಇಂದು ನೀನು ಹೇಳು ಎಂದರೆ ತಪ್ಪಿಸಿಕೊಳ್ಳುವಂತಿಲ್ಲ. ಅಂಟಿಗೆ-ಪಂಟಿಗೆ ಗಂಡಸರಿಗೆ ಮೀಸಲಾಗಿದ್ದರೆ, ಸುಲಿಯುವ ಇರುಳಿನಲ್ಲಿ ಹೆಂಗಸರ ದನಿಯೇ ಮುಂದು. ಸೋಬಾನೆಯ ಪದಗಳನ್ನು ಮದುವೆಗೆ ಮೊದಲೇ ಹೊಸ ಹುಡುಗಿಯರು ಕಲಿಯುತ್ತಿದ್ದುದು ಬಹುಶಃ ಮೆಟ್ಟುಗತ್ತಿಯ ಮೇಲೆಯೇ. ಘಟ್ಟದ ಕೆಳಗಿನಿಂದ ಬಂದ ಆಳುಗಳು ತಮ್ಮ ತುಳುವಿನ ಪಾಡ್ದನಗಳನ್ನು ಹೇಳುವಾಗ ಮಲೆನಾಡಿನ ಒಕ್ಕಲಿನ ಮಕ್ಕಳು ಅರ್ಥವಾದಷ್ಟನ್ನು ಹಿಡಿದು, ಆಗದುದಕ್ಕೆ ರಾಗವನ್ನಷ್ಟೇ ಹಿಡಿದು, ದನಿಗೂಡಿಸುತ್ತಿದ್ದರು. ಕಾಫಿಯ ತೋಟಗಳು ಬೆಳೆದಂತೆಲ್ಲ ಇಂತಹ ಬೆರಕೆಯೂ ಬೆಳೆಯಿತು. ಶುದ್ಧವಾದ ಮಲೆನಾಡಿನ ಮಟ್ಟು ಇದು, ಕರಾವಳಿಯ ಮಟ್ಟು ಇದು ಎಂದು ಗೆರೆಯೆಳೆಯಲು ಹೊರಡುವ ಸಂಶೋಧಕರ ಬಗ್ಗೆ ನನಗೆ ಗೌರವವೇ ಇದ್ದರೂ, ಆ ಚಪ್ಪರದಡಿಯಲ್ಲಿ ಗೆರೆ ಇರಲಿಲ್ಲವೆಂಬುದನ್ನು ಅವರು ಮರೆಯಬಾರದು.

ಮೂರನೆಯದು ತಾಳಮದ್ದಳೆ. ಬಳ್ಳಾರಿ ಸೀಮೆಯ ಕುರುಗೋಡಿನ ಸೋಮಸಮುದ್ರದಲ್ಲಿ ದೊರೆತ 1556ರ ಶಾಸನವೊಂದು ದೇವಾಲಯದಲ್ಲಿ ತಾಳಮದ್ದಳೆ ನಡೆಸುವವರಿಗೆ ಭೂಮಿಯನ್ನು ಬಿಟ್ಟುದನ್ನು ಹೇಳುವುದರಿಂದ, ಇದಕ್ಕೆ ಅಂಟಿಗೆ-ಪಂಟಿಗೆಗಿಲ್ಲದ ಶಾಸನಸಮ್ಮತಿ ಉಂಟು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾದ ಮಳೆಯನ್ನು ಕಾಣುವ ಆಗುಂಬೆಯ ನೆರೆಯಲ್ಲಿರುವ ಈ ಸೀಮೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಬಯಲಾಟವಾಡಲು ಬಯಲೆಂಬುದೇ ಇರುವುದಿಲ್ಲ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿ ಮನೆ ಸೇರಿರುತ್ತವೆ. ಆಗ ಯಾರದಾದರೂ ಮನೆಯ ಜಗುಲಿಯಲ್ಲಿ ಭಾಗವತನೊಬ್ಬ, ಮದ್ದಳೆಯವನೊಬ್ಬ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು; ವೇಷವಿಲ್ಲ, ಕುಣಿತವಿಲ್ಲ, ಪ್ರಸಂಗದ ಪದ್ಯಕ್ಕೆ ಅಲ್ಲಿಯೇ ಹೊಳೆದ ಮಾತು. ಹೊಸಬನಿಗೆ ಮೊದಲು ದೊರೆಯುವುದು ದೂತನ ಪಾತ್ರ. ದೂತನು ಬಂದು ಒಂದೆರಡು ಮಾತು ಹೇಳಿ ಹೋಗುವವನು. ಆ ಒಂದೆರಡು ಮಾತಿನಲ್ಲಿ ಅವನು ತಡವರಿಸಿದರೆ ರಾವಣನೋ ಕೌರವನೋ ಆಗಿ ಕುಳಿತ ಹಿರಿಯ ಅರ್ಥಧಾರಿ ಪಾತ್ರದ ಮಾತಿನಲ್ಲಿಯೇ ಅವನನ್ನು ಮೇಲೆತ್ತಬಲ್ಲನು, ಬೇಕಾದರೆ ಪಾತ್ರದ ಮಾತಿನಲ್ಲಿಯೇ ಗೇಲಿ ಮಾಡಬಲ್ಲನು. ಎರಡನ್ನೂ ಸಹಿಸಿದವನು ಮುಂದಿನ ಮಳೆಗಾಲದಲ್ಲಿ ಇನ್ನೂ ದೊಡ್ಡ ಪಾತ್ರಕ್ಕೆ ಅರ್ಹ. ಕಾಸರಗೋಡಿನ ಸೀಮೆಯಲ್ಲಿ ಹುಟ್ಟಿ ತಾಳಮದ್ದಳೆಯ ಮೇರುವೆನಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರಂತಹವರ (1918–2006) ವಾಗ್ವೈಭವವನ್ನು ಮಾತ್ರ ನೆನೆಯುವವರು, ಅಂತಹ ಒಬ್ಬೊಬ್ಬರ ಸುತ್ತಲೂ ದೂತನ ಪಾತ್ರದಲ್ಲಿಯೇ ತೃಪ್ತರಾಗಿ ಬಾಳಿದ ನೂರಾರು ಜನ ಹವ್ಯಾಸಿಗಳ ಕೂಟವಿತ್ತೆಂಬುದನ್ನು ಗಮನಿಸುವುದಿಲ್ಲ. ಕೂಟವಿಲ್ಲದೆ ಮೇರುವಿಲ್ಲ.

ಈ ಬಾಗಿಲುಗಳು ಎಲ್ಲರಿಗೂ ತೆರೆದಿದ್ದವೆಂದು ಬರೆದರೆ ಅದು ಚರಿತ್ರೆಯಾಗದು, ಸ್ತೋತ್ರವಾದೀತು. ಹಾಡುವವನು ಅಂಗಳದಲ್ಲಿ ನಿಲ್ಲಬೇಕೋ, ಕೆಳಜಗುಲಿಯಲ್ಲಿ ಕೂರಬೇಕೋ, ಮೇಲಿನ ಜಗುಲಿಗೆ ಏರಬಹುದೋ ಎಂಬುದನ್ನು ಅವನ ಕಂಠವು ನಿರ್ಣಯಿಸುತ್ತಿರಲಿಲ್ಲ, ಜಾತಿ ನಿರ್ಣಯಿಸುತ್ತಿತ್ತು. ಕೆಲವರ ಹಾಡನ್ನು ಉಣುಗೋಲಿನಾಚೆಯಿಂದಲೇ ಕೇಳಿ ಕಾಳು ನೀಡಿ ಕಳುಹಿಸುವ ಮನೆಗಳಿದ್ದವು. ಜ್ಯೋತಿಗೆ ಎಣ್ಣೆಯೆರೆಯುವ ಮನೆಯೊಡತಿಗೆ ಆ ಪದಗಳು ಹಾಡುವವರಷ್ಟೇ ಬಾಯಿಪಾಠವಾಗಿದ್ದರೂ, ದೀಪದ ಹಿಂದೆ ನಡೆಯುವ ಅಧಿಕಾರ ಅವಳಿಗೆ ಇರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ವೇದಿಕೆಗಳ ಮೇಲೆ ಸ್ತ್ರೀಯರೂ ಈ ಪದಗಳನ್ನು ಹೇಳುತ್ತಿರುವುದನ್ನು ಸಂಪ್ರದಾಯಭಂಗವೆಂದು ಗೊಣಗುವ ಹಿರಿಯರಿಗೆ ನಾನು ಹೇಳಬಯಸುವುದಿಷ್ಟೇ: ಅವರು ಹೊಸದಾಗಿ ಕಲಿತದ್ದು ಪದವನ್ನಲ್ಲ, ಹೊಸ್ತಿಲು ದಾಟುವುದನ್ನು.

ಬದಲಾವಣೆ ಹಲವು ಕಡೆಯಿಂದ ಬಂದಿತು. ಎಡೆಹಳ್ಳಿಯೆಂಬ ಹಳೆಯ ಹೆಸರನ್ನು 1915ರಲ್ಲಿ ಬಿಟ್ಟು ಯುವರಾಜರ ಹೆಸರನ್ನು ಪಡೆದ ನರಸಿಂಹರಾಜಪುರದ ಸುತ್ತಣ ಎಷ್ಟೋ ಹಳ್ಳಿಗಳು ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟಾದಾಗ ನೀರಿನಡಿಗಾದವು. ಮೇಳವೊಂದು ಯಾವ ಮನೆಯಿಂದ ಹೊರಟು ಯಾವ ಮನೆಯ ಮೂಲಕ ಯಾವ ದೇವಸ್ಥಾನವನ್ನು ಮುಟ್ಟಬೇಕೆಂಬ ದಾರಿಯೇ ಮುಳುಗಿದ ಮೇಲೆ ಪದಗಳು ಉಳಿದರೂ ನಡಿಗೆ ಉಳಿಯಲಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿಯ ಒಕ್ಕಲನ್ನು ನೆಲದ ಒಡೆಯನನ್ನಾಗಿ ಮಾಡಿತು. ಇದರಿಂದ ನ್ಯಾಯವಾಯಿತೆಂಬುದರಲ್ಲಿ ಸಂಶಯವಿಲ್ಲ; ದೊಡ್ಡಮನೆಯ ಜಗುಲಿಯಲ್ಲಿ ಹಾಡಿ ದೊಡ್ಡಮನೆಯ ಅಕ್ಕಿಯನ್ನು ಪಡೆಯುವ ಸಂಬಂಧವೂ ಅಂದಿಗೆ ಸಡಿಲವಾಯಿತು. ಮೇಳದವರಲ್ಲಿ ಕೆಲವರಿಗೆ ಇದು ಬಿಡುಗಡೆ, ಕೆಲವರಿಗೆ ಮುಜುಗರ. ಅಡಕೆಗೆ ಹತ್ತಿದ ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪದ ತೋಟಗಳನ್ನು ದಶಕಗಳಿಂದ ತಿನ್ನುತ್ತ ಬಂದಿದೆ. ತೋಟ ಸೋತ ಮನೆಯ ಮಗ ಬೆಂಗಳೂರಿಗೆ ಹೋದನು, ಸುಲಿಯುವ ಯಂತ್ರ ಚಪ್ಪರದಡಿಗೆ ಬಂದಿತು, ಯಂತ್ರದ ಸದ್ದಿನಲ್ಲಿ ಕಥೆ ಹೇಳುವವರಾರು?

ಇದೇ ಕಾಲದಲ್ಲಿ ಹಾಡಿಗೆ ಬೇರೊಂದು ಬಗೆಯ ಬಾಗಿಲು ತೆರೆಯಿತು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿಯ ಕೇಂದ್ರ ಆರಂಭವಾಗಿ, ಮಲೆನಾಡಿನ ಪದ ಹೇಳುವವರಿಗೆ ತಮ್ಮ ದನಿಯನ್ನು ತಾವೇ ಪೆಟ್ಟಿಗೆಯಲ್ಲಿ ಕೇಳುವ ಸೋಜಿಗ ದೊರೆಯಿತು. 1980ರಲ್ಲಿ ಜಾನಪದ ಮತ್ತು ಯಕ್ಷಗಾನ ಅಕಾಡೆಮಿ ಸ್ಥಾಪಿತವಾಗಿ ಪ್ರಶಸ್ತಿಗಳೂ ಪುಸ್ತಕಗಳೂ ಬಂದವು. ತಾಲ್ಲೂಕಿನಿಂದ ರಾಜ್ಯದವರೆಗೆ ಮೆಟ್ಟಿಲುಮೆಟ್ಟಿಲಾಗಿ ನಡೆಯುವ ಯುವಜನಮೇಳಗಳಲ್ಲಿ ಸೋಬಾನೆ, ರಾಗಿ ಬೀಸುವ ಪದ, ಲಾವಣಿ, ಭಜನೆ, ಕೋಲಾಟಗಳಿಗೆ ಸ್ಪರ್ಧೆ ಏರ್ಪಟ್ಟಿತು. ಇವುಗಳ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಒಂದನ್ನು ಗಮನಿಸಬೇಕು. ಆಕಾಶವಾಣಿಗೆ ಧ್ವನಿಪರೀಕ್ಷೆಯುಂಟು, ಸ್ಪರ್ಧೆಗೆ ಕಾಲಮಿತಿಯೂ ತಂಡದ ಸಂಖ್ಯೆಯೂ ಉಂಟು, ತೀರ್ಪುಗಾರರ ಮುಂದೆ ತಪ್ಪು ಹೇಳಿದರೆ ಅಂಕ ಹೋಗುತ್ತದೆ. ಆದ್ದರಿಂದ ತಂಡದ ಮುಖ್ಯಸ್ಥನು ಪದ ಬಲ್ಲವರನ್ನೇ ಆರಿಸಿ ಒಯ್ಯುವುದು ಸಹಜ. ಇಡೀ ಇರುಳಿನ ಕಥನ ಕೆಲವು ನಿಮಿಷಗಳಿಗೆ ಇಳಿದಾಗ ಮೊದಲು ಕತ್ತರಿಸಿಹೋಗುವುದು ಪುನರುಕ್ತಿ. ಚೀಲ ಹೊರುವ ಹುಡುಗನಿಗೆ ವೇದಿಕೆಯ ಮೇಲೆ ಕೆಲಸವಿಲ್ಲ.

ಬೆಂಗಳೂರಿನಲ್ಲಿ ಈಗ ಓಪನ್ ಮೈಕ್ ಎಂಬ ಕೂಟಗಳು ಪ್ರಚಾರದಲ್ಲಿವೆ. ಕಾಫಿಯ ಅಂಗಡಿಯಲ್ಲಿಯೋ, ಅಟ್ಟ ಗಲಾಟದಂತಹ ಪುಸ್ತಕದ ಮಳಿಗೆಯಲ್ಲಿಯೋ ಒಂದು ಮೈಕನ್ನು ನಿಲ್ಲಿಸಿ, ಮೊದಲೇ ಹೆಸರು ಬರೆಯಿಸಿದವರಿಗೆ ಸರದಿಯಂತೆ ಕೆಲವು ನಿಮಿಷಗಳನ್ನು ಕೊಡುತ್ತಾರೆ. ಕವಿತೆ, ಹಾಸ್ಯ, ಗಿಟಾರಿನೊಡನೆ ಹಾಡು, ಯಾವುದಾದರೂ ಸರಿ. ಪರೀಕ್ಷೆಯಿಲ್ಲದ ಈ ಔದಾರ್ಯ ಮೆಚ್ಚತಕ್ಕದ್ದು. ಅಡಕೆ ಸುಲಿಯುವ ಚಪ್ಪರದ ಸರದಿಯ ನಿಯಮವೇ ಮತ್ತೆ ಹುಟ್ಟಿಬಂದಂತಿದೆ. ಪಶ್ಚಿಮದಲ್ಲಿಯೂ ಇದರ ಪೂರ್ವಜರು ಜನಪದ ಗಾಯನದ ಕೂಟಗಳೇ. ನ್ಯೂಯಾರ್ಕಿನ ಗರ್ಡೀಸ್ ಫೋಕ್ ಸಿಟಿಯಲ್ಲಿ ಸೋಮವಾರದ ಇರುಳು ಯಾರು ಬೇಕಾದರೂ ಏರಿ ಹಾಡಬಹುದಾಗಿತ್ತು. 1961ರ ಏಪ್ರಿಲ್‌ನಲ್ಲಿ ಬಾಬ್ ಡಿಲನ್ ಎಂಬ ಯುವಕನಿಗೆ ದೊಡ್ಡ ಕಲಾವಿದನೊಬ್ಬನ ಮುನ್ನ ಹಾಡುವ ಅವಕಾಶ ಸಿಕ್ಕಿದ್ದು ಅಲ್ಲಿಯೇ. ಲಂಡನ್ನಿನಲ್ಲಿ ಈವನ್ ಮೆಕಾಲ್ ಮತ್ತು ಅವನ ಸಂಗಡಿಗರು ತಮ್ಮ ಗಾಯಕರ ಕೂಟದಲ್ಲಿ, ಪ್ರತಿಯೊಬ್ಬನೂ ತನ್ನ ನುಡಿಯ, ತನ್ನ ನಾಡಿನ ಹಾಡನ್ನೇ ಹಾಡತಕ್ಕದ್ದೆಂಬ ಕಟ್ಟಳೆಯನ್ನು ವಿಧಿಸಿದ್ದರು. ಆ ಕಟ್ಟಳೆಯ ವಿಷಯದಲ್ಲಿ ಅಂದು ವಾಗ್ವಾದಗಳಾದುವು. ಆದರೆ ಅಂತಹ ಇಂಗ್ಲಿಷ್ ಕೂಟಗಳಲ್ಲಿ ನೆರೆದವರೆಲ್ಲ ಪಲ್ಲವಿಗೆ ದನಿಗೂಡಿಸುವುದು ವಾಡಿಕೆಯಾಗಿತ್ತೆಂಬುದು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ನಮ್ಮ ನಗರದ ಓಪನ್ ಮೈಕಿನಲ್ಲಿ ಅದು ಅಪರೂಪ. ಅಲ್ಲಿ ಮೊದಲ ದಿನವೇ ಒಬ್ಬನು ಒಂಟಿಯಾಗಿ, ಬೆಳಕಿನಡಿಯಲ್ಲಿ, ಮುಂದೆ ಹೇಳುವವನಾಗಿ ನಿಲ್ಲಬೇಕು. ಹಿಂದೆ ಹೇಳಿಕೊಂಡು ಹಲವು ವರ್ಷ ನಡೆಯುವ ಅವಕಾಶವಿಲ್ಲ. ಬಾಗಿಲನ್ನು ಅಗಲವಾಗಿ ತೆರೆದಿದ್ದಾರೆ, ಆದರೆ ಒಳಗೆ ಜಗುಲಿಯಿಲ್ಲ. ಕೈ ನಡುಗಿ, ಗಂಟಲು ಒಣಗಿ, ಎರಡನೆಯ ಸಲ ಬಾರದೆ ಹೋದವರನ್ನು ಕುರಿತು ಅಯ್ಯೋ ಎನಿಸುತ್ತದೆ. ಅವರಲ್ಲಿ ಮಲೆನಾಡಿನವರೂ ಇದ್ದಾರು, ಅವರ ಅಜ್ಜಂದಿರು ದೀಪದ ಹಿಂದೆ ಅಂಜದೆ ದನಿಯೆತ್ತಿ ನಡೆದವರೂ ಆಗಿದ್ದಾರು.

ಅಂಟಿಗೆ-ಪಂಟಿಗೆ ನಿಂತುಹೋಗಿದೆಯೆಂದು ಪತ್ರಿಕೆಗಳಲ್ಲಿ ಪ್ರತಿ ದೀಪಾವಳಿಗೂ ಒಂದು ಶೋಕಲೇಖನ ಪ್ರಕಟವಾಗುವುದು ವಾಡಿಕೆಯಾಗಿದೆ. ಆದರೆ ಕೊಪ್ಪ, ಶೃಂಗೇರಿಯ ಕೆಲವು ಊರುಗಳಲ್ಲಿ ಮೇಳಗಳು ಇನ್ನೂ ಹೊರಡುತ್ತವೆ. ದೂರದ ಮನೆಗಳಿಗೆ ಜೀಪಿನಲ್ಲಿ ಹೋಗುವುದುಂಟು. ಜ್ಯೋತಿ ಗಾಜಿನ ಮರೆಯಲ್ಲಿರುತ್ತದೆ. ಇಂಥ ಹೊತ್ತಿಗೆ ಬರುತ್ತೇವೆಂದು ಮೊದಲೇ ಫೋನು ಹೋಗಿರುವುದರಿಂದ ಬಾಗಿಲು ತೆರೆದೇ ಇರುತ್ತದೆ, ತೆರೆದ ಬಾಗಿಲಿನ ಮುಂದೆಯೇ ಬಾಗಿಲು ತೆರೆಸುವ ಪದವನ್ನು ಹೇಳುತ್ತಾರೆ. ಮುಂದೆ ಹೇಳುವವರು ಅರುವತ್ತು ದಾಟಿದವರು. ಹಿಂದೆ ಹೇಳುವವರಲ್ಲಿ ಬೆಂಗಳೂರಿನಿಂದ ರಜೆಗೆ ಬಂದ ಹುಡುಗರೇ ಹೆಚ್ಚು. ಕೆಲವರ ಕೈಯಲ್ಲಿ ಪದವನ್ನು ಬರೆದುಕೊಂಡ ಫೋನಿರುತ್ತದೆ, ಅದನ್ನು ನೋಡಿ ಹೇಳಿದರೆ ಹಿರಿಯರು ಬೇಡವೆನ್ನುವುದಿಲ್ಲ, ಆದರೆ ಸಂಕ ದಾಟುವಾಗ ಅದನ್ನು ಜೇಬಿಗಿಡಿಸುತ್ತಾರೆ. ಮೇಳದ ಗಾತ್ರವನ್ನು ಈಗ ನಿರ್ಣಯಿಸುವುದು ಪಂಚಾಂಗ ಮತ್ತು ಕಂಪನಿಯ ರಜೆಯ ಪಟ್ಟಿ: ಪಾಡ್ಯ ಶನಿವಾರಕ್ಕೆ ಬಿದ್ದ ವರ್ಷ ಹಿಂದೆ ಹೇಳಲು ಹತ್ತು ಹನ್ನೆರಡು ದನಿ, ಬುಧವಾರಕ್ಕೆ ಬಿದ್ದ ವರ್ಷ ಮೂರೋ ನಾಲ್ಕೋ.